ಸಿಗಡಿ ಸತ್ತಿಲ್ಲ, ಔಷಧಿ ಹಾಕಬೇಡಿ

ಇವರೇ,

ಉಳಿದ ಮೀನುಗಳಿಗೂ ರೋಗ ತಗಲೀತೆಂದು ಮಧ್ಯಾಹ್ನ ಬಂದು ಮೀನಿನ ಟ್ಯಾಂಕಿಗೆ ಹಾಕುತ್ತೇನೆ ಎಂದಿರಲ್ಲ, ಆ ನೀಲಿ ಔಷಧಿಯ ಮುಚ್ಚಳ ತೆಗೆಯಬೇಡಿ. ಅದಕ್ಕೇ ಈ ಚೀಟಿಯನ್ನು ಬಾಟಲಿಗೇ ಸುತ್ತಿದ್ದೇನೆ.

ನಿಮ್ಮ ಸಿಗಡಿ ಸತ್ತಿಲ್ಲ ಮಾರಾಯ್ರೇ! ಬೆಳಿಗ್ಗೆ ನೀವು ನೀರಿನಿಂದ ಎತ್ತಿ ಕಣ್ಣೊರೆಸಿಕೊಂಡದ್ದು ಅದು ಕಳಚಿಟ್ಟ ಸಿಪ್ಪೆ ನೋಡಿ. ಬೆಳೆಯುವಾಗ ಹಾಗೆ ಕಳಚುತ್ತದಂತೆ. ನಮ್ಮ ತನುಶ್ರೀ ಶಾಲೆಗೆ ಹೊರಡುವ ಮೊದಲು ಪುಸ್ತಕ ನೋಡಿ ಹೇಳಿದಳು. ಈಗ ಕಲ್ಲಿನ ಹಿಂದೆ ಮೀಸೆ ಆಡಿಸುತ್ತಾ ಕೂತಿದೆ.

ಔಷಧಿಯಲ್ಲಿ ತಾಮ್ರ ಇದೆ. ಮೀನು ತಡೆದೀತು, ಸಿಗಡಿ ಉಳಿಯುವುದಿಲ್ಲ. ದೇವರ ಕೋಣೆಯ ತಾಮ್ರದ ಚೊಂಬಿನಿಂದ ಟ್ಯಾಂಕಿಗೆ ನೀರು ಹಾಕುವುದನ್ನೂ ಇವತ್ತಿಗೆ ನಿಲ್ಲಿಸಿ. ಹೊಸ ಪ್ಲಾಸ್ಟಿಕ್ ಮಗ್ಗು ಪಕ್ಕದಲ್ಲೇ ಇಟ್ಟಿದ್ದೇನೆ. ಔಷಧಿಯ ಬದಲು ಟ್ಯಾಂಕಿಗೆ ಸುರಿಯಲು ಅಡುಗೆ ಉಪ್ಪಿನ ಡಬ್ಬಿ ಹುಡುಕಬೇಡಿ, ನಿಮ್ಮಿಂದ ಅಡಗಿಸಿದ್ದೇನೆ.

ನಿಮ್ಮ ಹೋಟೆಲಿಗೆ ಫೋನ್ ಮಾಡಿದರೆ ಬರೀ ಎಂಗೇಜ್. ನಾನು ತೆಂಗಿನಕಾಯಿಗೆ ಮಾರ್ಕೆಟ್ ಯಾರ್ಡಿಗೆ ಹೊರಟೆ. ಊಟ ಮೇಜಿನ ಮೇಲಿದೆ. ಬೆಳಿಗ್ಗೆ ತಿಂಡಿ ಬಿಟ್ಟದ್ದು ಸಾಕು, ಹೊಟ್ಟೆ ತುಂಬ ಉಣ್ಣಿ.

ಇಪ್ಪತ್ತು ವರ್ಷ ಸಿಗಡಿ ಸುಲಿಸಿದ ಹೋಟೆಲಿನವರಿಗೆ ಖಾಲಿ ಸಿಪ್ಪೆಯ ಗುರುತು ಸಿಗಲಿಲ್ಲವಲ್ಲ! ಅಡುಗೆಯವರಿಗೆ ನಾನಂತೂ ಹೇಳುವುದಿಲ್ಲ. ಇವತ್ತು ಬೋರ್ಡಿನಲ್ಲಿ ಸಿಗಡಿ ಸುಕ್ಕ ಬರೆಸುವುದಿಲ್ಲ ಎಂದು ಹೇಳಿ ಹೋದಿರಿ. ಸಂಜೆ ಧೈರ್ಯವಾಗಿ ಬರೆಸಿ. ನಮ್ಮ ಸಿಗಡಿಗೆ ಓದಲು ಬರುವುದಿಲ್ಲ.

ಪಂಕಜಾಕ್ಷಿ