ಬಾಲ್ಕನಿಯಲ್ಲಿ ನಕ್ಕವರು ಇಬ್ಬರು

18 ನವೆಂಬರ್, ಮಂಗಳವಾರ

ಇವತ್ತೂ ಎಳೆ ಹರಿದದ್ದೇ ಹರಿದದ್ದು. ನೂಲು ಕಳಪೆ, ಬೈಗುಳ ನನಗೆ. ಮಧ್ಯಾಹ್ನ ನಾಲ್ಕು ಮಗ್ಗ ಆಚೆಯಿಂದ ಸಿದ್ದಕ್ಕನ ತುಟಿ ಅಲ್ಲಾಡಿತು — "ಅಮಾಸಿಗೆ ಪಿಕ್ಚರ್?" ಪವರ್‌ಲೂಮ್ ಸದ್ದಿನಲ್ಲಿ ಕೂಗಿದರೂ ಕೇಳುವುದಿಲ್ಲ, ನಾವೆಲ್ಲ ತುಟಿ ನೋಡಿಯೇ ಮಾತಾಡುವವರು. ಹನ್ನೊಂದು ವರ್ಷದಲ್ಲಿ ಕಿವಿ ಮಂದವಾಗಿದೆ, ಕಣ್ಣು ಚುರುಕಾಗಿದೆ. "ಯಾವುದು?" ಅಂದೆ. ಕಣ್ಣು ಹೊಡೆದಳು. ಅಂದರೆ ಅದೇ... ರಬಕವಿ ಬಸ್ ಸ್ಟ್ಯಾಂಡಿನ ಪೋಸ್ಟರ್, ಟವೆಲ್ ಉಟ್ಟ ಹೀರೋ, ಮೂಲೆಯಲ್ಲಿ ದೊಡ್ಡ 'ಎ'.

ಶಂಕ್ರೆವ್ವನಿಗೆ ಗೊತ್ತಾದರೆ? ಆಕೆ ಸಿದ್ದಕ್ಕನ ಅತ್ತೆ. ಮುಂದಿನ ತಿಂಗಳು ಮಾತು ಪಕ್ಕಾ ಆದರೆ ನನಗೂ ಅತ್ತೆ. ಬಾಡಗಂಡಿ ಸಕ್ಕರೆ ಫ್ಯಾಕ್ಟರಿಯಲ್ಲಿರುವ ತನ್ನ ಮೈದುನ ಮಲ್ಲಿನಾಥನಿಗೆ ನನ್ನನ್ನು ಕೇಳಿದವಳೇ ಸಿದ್ದಕ್ಕ. ಅವನ ಹೆಂಡತಿ ತೀರಿಕೊಂಡಿದ್ದಾಳೆ, ನನ್ನ ಗಂಡ ಹೋಗಿ ಐದು ವರ್ಷ. ನಾನೂ ಸಿದ್ದಕ್ಕನೂ ಒಂದೇ ಮನೆಯಲ್ಲಿ! ನೆನೆಸಿಕೊಂಡರೆ ಈಗಲೇ ನಗು ಬರುತ್ತದೆ.

20 ನವೆಂಬರ್, ಗುರುವಾರ, ಸಂಜೆ 7

ಅಮಾವಾಸ್ಯೆ, ಮಗ್ಗಕ್ಕೆ ರಜೆ. ಇಬ್ಬರೂ ಮನೆಯಲ್ಲಿ ಹೇಳಿದ್ದು — ಜಮಖಂಡಿಗೆ, ಕಣ್ಣಿನ ಡಾಕ್ಟರ್ ಹತ್ತಿರ. ಉಪಾಯ ಸಿದ್ದಕ್ಕನದು.

ಕೂತದ್ದು ಟಾಕೀಸಿನ ಬಾಲ್ಕನಿಯಲ್ಲಿ. ಮೊದಲು ಟ್ರೇಲರ್‌ಗಳು. ಒಂದರಲ್ಲಿ ಬರೀ ಮಚ್ಚು, ರಕ್ತ. ಒಂದರಲ್ಲಿ ದೆವ್ವ. "ನಮ್ಮತ್ತಿನ್ನ ನೋಡಿಲ್ಲ ಇವರು," ಅಂದಳು ಸಿದ್ದಕ್ಕ. ಇನ್ನೊಂದರಲ್ಲಿ ಮಳೆಯಲ್ಲಿ ಹೀರೋಯಿನ್. "ಅಷ್ಟ ನೆನದ್ರ ನೆಗಡಿ ಬರೂದಿಲ್ಲೇನ ಆಕಿಗೆ?" ಟ್ರೇಲರ್ ಮುಗಿಯುವಷ್ಟರಲ್ಲೇ ಟಿಕೆಟ್ ವಸೂಲ್.

ಪಿಕ್ಚರ್... ಅಯ್ಯಯ್ಯೋ. ಬರೆಯಲೂ ನಾಚಿಕೆ, ಬರೆಯದಿದ್ದರೆ ನಿದ್ದೆ ಬರುವುದಿಲ್ಲ. ಮೊದಲ ರಾತ್ರಿ ಮಂಚ ಮುರಿಯುತ್ತದೆ. ಕೆಳಗೆ ಮಲಗಿದ್ದ ಬೀಗರೆಲ್ಲ ಭೂಕಂಪ ಎಂದು ಅಂಗಳಕ್ಕೆ ಓಡುತ್ತಾರೆ. ಅಜ್ಜಿ ಮಾತ್ರ ಸುತ್ತಿಗೆ, ಮೊಳೆ ಹಿಡಿದು ಬಾಗಿಲು ತಟ್ಟುತ್ತಾಳೆ. ಸಿದ್ದಕ್ಕ ನನ್ನ ತೊಡೆಗೆ ಬಡಿದು ಬಡಿದು ನಕ್ಕಳು. "ನಮ್ಮ ಮಂಚದ ಕಾಲೂ ಹಿಂಗ ಮುರದಿತ್ತ ಬೇ! ಗೆದ್ದಲ ತಿಂದಾವಂತ ಅತ್ತಿ ಮುಂದ ಹೇಳಿದ್ವಿ!" ಮೊದಲೇ ಮಗ್ಗದವರ ದೊಡ್ಡ ದನಿ. ಮುಂದಿನ ಸಾಲಿನ ಗಂಡಸರೇ ನಾಚಿ ತಿರುಗಿ ನೋಡಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಐದು ವರ್ಷದಲ್ಲಿ ಇದೇ ಮೊದಲು.

ಹೊರಗೆ ಬರುವಾಗ ನಮ್ಮ ಓಣಿಯ ಮುದಕಪ್ಪ ಎದುರಿಗೇ ಸಿಕ್ಕ. ಅವನೂ ನಾಚಿಕೊಂಡ, ನಾವೂ.

21 ನವೆಂಬರ್

ಮಗ್ಗದ ಮುಂದೆ ನಿಂತು ಒಬ್ಬಳೇ ನಗುತ್ತಿದ್ದೆ. ಆಚೆಯಿಂದ ಸಿದ್ದಕ್ಕ ಸುತ್ತಿಗೆ ಹೊಡೆದಂತೆ ಕೈ ಮಾಡಿದಳು. ಹಾಳಾದವಳು.

26 ನವೆಂಬರ್, ಬುಧವಾರ

ಮುದಕಪ್ಪ ಬಾಯಿ ಬಿಟ್ಟಿದ್ದಾನೆ.

ಹನ್ನೊಂದಕ್ಕೆ ಶಂಕ್ರೆವ್ವ ನೇರ ಶೆಡ್ಡಿಗೇ ಬಂದು ಸೊಸೆಯ ಮುಂದೆ ನಿಂತಳು. ನನಗೆ ಮುದುಕಿಯ ಬೆನ್ನು, ಸಿದ್ದಕ್ಕನ ಮುಖ ಪೂರ್ತಿ. ಕಿವಿಗೆ ಏನೂ ಕೇಳಿಸಲಿಲ್ಲ. ತುಟಿ ನೋಡಿ ಎಲ್ಲ ತಿಳಿಯಿತು.

"ನಾ ಒಲ್ಲೆ ಅಂದ್ನಿರಿ ಅತ್ತಿ. ದವಾಖಾನಿ ಅಂತ ಸುಳ್ಳ ಹೇಳಿ ಕರಕೊಂಡ ಹೋದ್ಲು. ನಾ ಕಣ್ಣ ಮುಚ್ಚಿ ಕುಂತಿದ್ನಿರಿ. ಆಕಿ ಒಬ್ಬಾಕಿನ ನಕ್ಕಿದ್ದು."

ಆಮೇಲೆ ಇನ್ನೊಂದು — "ಗಂಡ ಇಲ್ಲದಾಕಿ... ಆಶೆ ಇರತಾವರಿ."

ನನ್ನ ಮಗ್ಗದಲ್ಲಿ ಎಳೆ ಹರಿದು ಬಟ್ಟೆ ಕೆಡುತ್ತಿತ್ತು. ನಿಲ್ಲಿಸಲು ಕೈ ಏಳಲಿಲ್ಲ.

3 ಡಿಸೆಂಬರ್, ಬುಧವಾರ

ಸಂಬಂಧ ಬೇಡವೆಂದು ಶಂಕ್ರೆವ್ವ ನಿನ್ನೆ ಹೇಳಿ ಕಳಿಸಿದಳು. ಕಾರಣ: "ಹೆಣ್ಣ ಭಾಳ ನಗತೈತಿ." ಅವ್ವ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ಇವತ್ತು ಊಟದ ಹೊತ್ತಿಗೆ ಸಿದ್ದಕ್ಕ ಏನೂ ಆಗದವಳಂತೆ ಪಕ್ಕಕ್ಕೆ ಬಂದು ಬುತ್ತಿ ಬಿಚ್ಚಿದಳು. ನನ್ನ ರೊಟ್ಟಿಗೆ ಶೇಂಗಾ ಚಟ್ನಿ ಹಾಕಲು ಬಂದಳು. ಕೈ ಅಡ್ಡ ಹಿಡಿದೆ.

"ನೀ ಅತ್ತಿ ಮುಂದ ಹೇಳಿದ್ದು ನೋಡೇನಿ."

ಮುಖ ಬಿಳಿಚಿಕೊಂಡಿತು. ಆಮೇಲೆ ಸಿಟ್ಟೂ ಅವಳಿಗೇ ಬಂತು.

"ಮತ್ತೇನ ಮಾಡ್ಲಿ? ಗಂಡ, ಮಕ್ಕಳ ಇದ್ದಾಕಿ ನಾ. ನಿನಗೇನ ಹೋಗೂದೈತಿ ಬೇ?"

ಮಂಚದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಮಗ್ಗಗಳು ನಿಂತಿದ್ದವು, ಎಲ್ಲರ ಕಿವಿ ಇತ್ತಲೇ. ನುಂಗಿಕೊಂಡೆ. ಮೋಸ ಮಾಡಿದವಳು ಅವಳು, ತಲೆ ತಗ್ಗಿಸಿ ರೊಟ್ಟಿ ಮುರಿದವಳು ನಾನು. ಥೂ.

ಮಲ್ಲಿನಾಥ ಹೋದರೆ ಹೋಗಲಿ, ಎರಡು ಸಲ ನೋಡಿದ ಮನುಷ್ಯ. ನಿಜ ಬರೆಯುತ್ತೇನೆ, ಇಲ್ಲಿ ಯಾರು ಓದುತ್ತಾರೆ... ನಾನು ಹೂಂ ಅಂದದ್ದು ಇವಳಿರುವ ಮನೆ ಎಂದು. ಅವಳು ಕೇಳಿದ್ದಕ್ಕೆ ಉತ್ತರ ಈಗ ಹೊಳೆಯುತ್ತಿದೆ. ಸಿದ್ದಕ್ಕ, ನನಗೆ ಹೋದದ್ದು ನೀನು.