ಕೆಂಪಿಯ ಬಾಣಂತನ

ಡಾಕ್ಟರಿಗೆ ನಮಸ್ಕಾರ.

ನಿಮ್ಮ ಫೋನು ಸಿಗದ್ದರಿಂದ ಹಾಲಿನ ವ್ಯಾನಿನವರ ಕೈಲಿ ಈ ಚೀಟಿ ಕಳಿಸುತ್ತಿದ್ದೇನೆ. ನಿನ್ನೆ ನೀವು ನಮ್ಮ ಹಸು ಕೆಂಪಿಯ ಸತ್ತ ಕರುವನ್ನು ಎಳೆದು ತೆಗೆದು, ಹೊರಗೆ ಬಿದ್ದಿದ್ದ ಗರ್ಭಕೋಶವನ್ನು ಒಳಗೆ ತಳ್ಳಿ ಹೊಲಿಗೆ ಹಾಕಿ ಹೋದಿರಲ್ಲ. ಬೆಳಿಗ್ಗೆ ಅವಳು ತಿಣುಕಿ ತಿಣುಕಿ ಹೊಲಿಗೆಯೆಲ್ಲ ಹರಿದು, ಅದು ಮತ್ತೆ ಹೊರಗೆ ಬಂದಿದೆ. ಈಗ ಕಪ್ಪಾಗಿದೆ. ಕೆಂಪಿ ತಲೆಯನ್ನೂ ಎತ್ತುತ್ತಿಲ್ಲ.

ಅಪ್ಪ ಅದನ್ನು ಒದ್ದೆ ಬಟ್ಟೆಯಲ್ಲಿ ಎತ್ತಿ ಹಿಡಿದುಕೊಂಡೇ ಕೂತಿದ್ದಾರೆ. “ಸ್ವಲ್ಪ ಎದ್ದೇಳಪ್ಪ, ನಾನು ಹಿಡ್ಕೋತೀನಿ” ಅಂದರೆ, “ಡಾಕ್ಟ್ರು ಬಂದು ಒಳಗೆ ಹಾಕ್ತಾರೆ, ಸುಮ್ನಿರಮ್ಮ” ಅನ್ನುತ್ತಾರೆ. ಅಮ್ಮ ಹೋದ ಮೇಲೆ ಅವರು ಮನಸ್ಸು ಬಿಚ್ಚಿ ಮಾತಾಡುತ್ತಿದ್ದುದು ಕೆಂಪಿಯ ಜೊತೆ ಮಾತ್ರ.

ಅವಳನ್ನು ನೋವಿಲ್ಲದೆ ಕಳಿಸಿಕೊಡುವ ಇಂಜೆಕ್ಷನ್ ಇದ್ದರೆ ತನ್ನಿ. ಅಪ್ಪನಿಗೆ ನೀವೇ ಹೇಳಬೇಕು. ನನ್ನ ಬಾಯಲ್ಲಿ ಆ ಮಾತು ಬರುವುದಿಲ್ಲ.

ನಿಮ್ಮ ದಾರಿ ಕಾಯುತ್ತಿರುವ,
ಕೆಂಪಿ ಮನೆಯ ಮಗಳು