ಕಾದ ತಟ್ಟೆ ಮೇಲಿನ ಇಲಿ

ಅಮ್ಮಾ,

ಫೋನಲ್ಲಿ ಹೇಳಿದರೆ ಮಾತು ತೇಲಿಸಿಬಿಡ್ತೀಯ, ಅದಕ್ಕೇ ಅಣ್ಣನ ಕೈಲಿ ಈ ಪತ್ರ ಕಳಿಸ್ತಿದ್ದೀನಿ.

ಲ್ಯಾಬಲ್ಲಿ ಇಲಿಯ ಮೆದುಳಿನ ನೋವಿನ ಜೀವಕೋಶಗಳಿಗೆ ಬೆಳಕಿನ ಮಾತು ಕೇಳೋ ಜೀನ್ ಸೇರಿಸಿದ್ದೀವಿ. ಗಾಜಿನ ಎಳೆಯಲ್ಲಿ ಬೆಳಕು ಬಿಟ್ಟರೆ ಅದಕ್ಕೆ ನೋವೇ ಗೊತ್ತಾಗಲ್ಲ. ಮೊನ್ನೆ ಕಾದ ತಟ್ಟೆ ಮೇಲೆ ಆರಾಮಾಗಿ ಮೀಸೆ ತೀಡ್ಕೊಂಡು ನಿಂತಿತ್ತು. ಚಪ್ಪಾಳೆ ತಟ್ಟೋ ಸಂಭ್ರಮದಲ್ಲಿ ನಾನು ಅದನ್ನ ಇಳಿಸೋದೇ ಮರೆತೆ. ಪಾದ ಸುಟ್ಟಿತ್ತು.

ಅವತ್ತೇ ನೀನು, ಸಕ್ಕರೆ ಕಾಯಿಲೆಯಿಂದ ಉರೀತಿದ್ದ ಕಾಲು ಈಗ ಉರಿಯೋದೇ ಇಲ್ಲ ಅಂತ ಖುಷಿಯಾಗಿ ಹೇಳಿದ್ದು. ನಾನೂ ಒಳ್ಳೇದಾಯ್ತು ಅಂದುಬಿಟ್ಟೆ.

ಇನ್ನು ಬರಿಗಾಲಲ್ಲಿ ಓಡಾಡಬೇಡ. ಅಂಗಾಲು ಅಣ್ಣನಿಗೆ ತೋರಿಸು. ನೀನು ಕಣ್ಣು ಮುಚ್ಚಿದಾಗ ಅವನು ಕಾಲಿನ ಹೆಬ್ಬೆರಳು ಚಿವುಟುತ್ತಾನೆ. ಆಗ ಫೋನ್ ಆನ್ ಇಟ್ಟಿರು. ನೀನು ಅವನಿಗೆ ಬೈಯೋದು ನಂಗೆ ಕೇಳಿಸಬೇಕು.

ಕಾಯ್ತಾ ಇರೋ
ಮಗಳು